ಉಡುಪಿಯಿಂದ ಮುಂಬೈಗೆ: ವಿಮಾನವೋ, ರೈಲೋ?

ನೇರ ಗೆರೆ ಎಳೆದರೆ ಮಂಗಳೂರಿನಿಂದ ಮುಂಬೈ ಸುಮಾರು 715 ಕಿ.ಮೀ. ವಿಮಾನ ಒಂದೂವರೆ ಗಂಟೆಯಲ್ಲಿ ಇಳಿಸುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಉಡುಪಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ಕಾರಿನಲ್ಲಿ ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಮೊದಲೇ ಇರಬೇಕು, ಮುಂಬೈಯಲ್ಲಿ ಬ್ಯಾಗಿಗೆ ಕಾಯಬೇಕು. ಮತ್ತೆ ಡೊಂಬಿವಲಿಯ ಮಾವನ ಮನೆಗೆ ಟ್ರಾಫಿಕ್ಕು. ಎಲ್ಲಾ ಸೇರಿ ಏಳೆಂಟು ಗಂಟೆ.

ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲಿಗೆ ಹತ್ತಿರ ಹತ್ತಿರ 15 ಗಂಟೆ ಬೇಕು. ಸಂಜೆ ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಹತ್ತಿ, ರಾತ್ರಿ ಮಲಗಿ ಎದ್ದರೆ ಮುಂಬೈ. ಒಂದು ಹಗಲೂ ಹಾಳಾಗುವುದಿಲ್ಲ. ಠಾಣೆಯಲ್ಲೇ ಇಳಿದರೆ ಡೊಂಬಿವಲಿಗೆ ಲೋಕಲ್ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ.

ಇನ್ನು ಲಗೇಜು. ಹೋದ ವರ್ಷ ಕೈಚೀಲದಲ್ಲಿದ್ದ ಅಮ್ಮನ ಮಾವಿನಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಸೆಕ್ಯೂರಿಟಿಯಲ್ಲಿ ತೆಗೆದಿಟ್ಟರು. ತಪ್ಪು ನನ್ನದೇ. ರೈಲಿನಲ್ಲಾದರೆ ಮಟ್ಟುಗುಳ್ಳ ಬದನೆಯ ಚೀಲ, ಹಲಸಿನ ಹಪ್ಪಳದ ಡಬ್ಬಿ ಎರಡೂ ಸೀಟಿನಡಿ ಆರಾಮ.

ಸಂದರ್ಶನ, ಸಾವು–ನೋವು ಅಂದರೆ ವಿಮಾನವೇ ಸರಿ. ಮದುವೆಗೆ, ರಜೆಗೆ ನಾನಂತೂ ರೈಲು. ಟಿಕೆಟ್ ಮಾತ್ರ ಮುಂಚೆಯೇ ಮಾಡಿಸಿ. ಮೇ ತಿಂಗಳಲ್ಲಿ ವೇಟಿಂಗ್ ಲಿಸ್ಟ್ ಕರಗುವುದೇ ಇಲ್ಲ.