ಸಮೋವಾಸ್ ಅಂದುಕೊಂಡು ಮೂರು ಕೇಸ್ ತರಿಸಿದೆ: ಗರ್ಲ್ ಸ್ಕೌಟ್ ಕುಕಿಗಳ ನನ್ನ ಲೆಕ್ಕಾಚಾರ

ಮೊದಲೇ ಹೇಳಿಬಿಡುತ್ತೇನೆ, ಗರ್ಲ್ ಸ್ಕೌಟ್ ಕುಕಿಗಳಲ್ಲಿ ನನ್ನ ವೋಟು ಕೊಬ್ಬರಿ ಕ್ಯಾರಮೆಲ್ಲಿನ ಸಮೋವಾಸ್‌ಗೆ. ಅಮೆರಿಕಕ್ಕೆ ಬಂದು ಹತ್ತು ವರ್ಷವಾಯಿತು. ಜನವರಿಯಿಂದ ಏಪ್ರಿಲ್‌ವರೆಗೆ ಕಿರಾಣಿ ಅಂಗಡಿಗಳ ಬಾಗಿಲಲ್ಲಿ ಮಡಚುವ ಮೇಜು ಹಾಕಿಕೊಂಡು, ತಮ್ಮ ತಂಡಕ್ಕೆ ದುಡ್ಡು ಕೂಡಿಸಲು ಕುಕಿ ಮಾರುವ ಗರ್ಲ್ ಸ್ಕೌಟ್ (ನಮ್ಮ ಗೈಡ್ಸ್ ಥರ) ಹುಡುಗಿಯರನ್ನು ಒಂದು ಸಲವೂ ಬರಿಗೈಯಲ್ಲಿ ದಾಟಿ ಬಂದವಳಲ್ಲ ನಾನು. ಈಗ ಮೂರು ವರ್ಷದಿಂದ ನನ್ನ ಮಗಳೇ ಆ ಮೇಜಿನ ಹಿಂದೆ ನಿಲ್ಲುತ್ತಾಳೆ. ಅವಳ ಹಿಂದೆ ನಾನು ಚಳಿಗೆ ನಡುಗುತ್ತಾ ಚಿಲ್ಲರೆ ಎಣಿಸುತ್ತೇನೆ. ಹಾಗಾಗಿ ಇದನ್ನು ಪಕ್ಷಪಾತವಿಲ್ಲದ ಹೋಲಿಕೆ ಅಂತ ಯಾರೂ ತಿಳಿಯಬೇಡಿ.

ಬರೆಯಬೇಕು ಅನ್ನಿಸಿದ್ದು ಒಂದು ಎಡವಟ್ಟಿನಿಂದ. ಹೋದ ವರ್ಷ ನಮ್ಮ ಮನೆಯವರ ಕೆಲಸ ಬದಲಾಗಿ ಊರೂ ಬದಲಾಯಿತು. ಬಹಳ ದೂರವೇನಲ್ಲ, ಕಾರಿನಲ್ಲಿ ಒಂದೂವರೆ ತಾಸು. ಹೊಸ ಊರಿನ ಕನ್ನಡ ಕೂಟದ ಸಂಕ್ರಾಂತಿಗೆ ಹೋದಾಗ ಎಳ್ಳು ಬೆಲ್ಲದ ಜೊತೆಗೇ ಮಗಳ ಆರ್ಡರ್ ಹಾಳೆಯನ್ನೂ ಮುಂದೆ ಹಿಡಿದೆ. ಹಾಳೆಯಲ್ಲಿ ಸಮೋವಾಸ್ ಇಲ್ಲ! ಅದರ ಜಾಗದಲ್ಲಿ ಅದೇ ನೇರಳೆ ಬಣ್ಣದ ಬಾಕ್ಸ್, ಅದೇ ಉಂಗುರದ ಆಕಾರ, ಅದೇ ಕೊಬ್ಬರಿ, ಮೇಲೆ ಅದೇ ಚಾಕಲೇಟ್ ಗೆರೆಗಳು. ಹೆಸರು ಮಾತ್ರ ಕ್ಯಾರಮೆಲ್ ಡಿಲೈಟ್ಸ್. 'ಹೆಸರು ಬದಲಿಸ್ಯಾರ್ರೀ ಅಷ್ಟ, ಮಾಲು ಅದೇ' ಅಂತ ನಾನೇ ಎಲ್ಲರಿಗೂ ಭರವಸೆ ಕೊಟ್ಟೆ. ಇಪ್ಪತ್ತೆರಡು ಬಾಕ್ಸ್ ಬುಕ್ ಆಯಿತು. ಕೇಸಿಗೆ ಹನ್ನೆರಡು ಬಾಕ್ಸ್. ಅಂಗಡಿ ಮುಂದಿನ ಮೇಜಿನಲ್ಲಿ, ಅಂದರೆ ಬೂತಿನಲ್ಲಿ, ಮೊದಲು ಖಾಲಿಯಾಗುವುದೇ ಇದು ಅಂದುಕೊಂಡು ಎರಡು ಕೇಸ್ ಸಾಕಾಗುವಲ್ಲಿ ಮೂರು ಕೇಸ್ ಹೇಳಿದೆ. ಹಳೇ ಊರಿನಲ್ಲಿ ಹಾಗೇ ಆಗುತ್ತಿತ್ತು.

ಫೆಬ್ರವರಿ ಕೊನೆಗೆ ಮಾಲು ಬಂತು. ಗರಾಜಿನಲ್ಲಿ ಕೇಸ್ ಒಡೆದು ಒಂದು ಬಾಯಿಗೆ ಹಾಕಿಕೊಂಡೆ. ಕರುಂ ಅಂತು. ಸಮೋವಾಸ್ ಕರುಂ ಅನ್ನುವುದಿಲ್ಲ, ಹಲ್ಲಿಗೆ ಅಂಟಿಕೊಂಡು ಎಳೆಯುತ್ತದೆ.

ಆಮೇಲೆ ತಿಳಿದ ಸಂಗತಿ ಇದು. ಗರ್ಲ್ ಸ್ಕೌಟ್ಸ್ ಸಂಸ್ಥೆ ತಾನೇ ಕುಕಿ ಬೇಯಿಸುವುದಿಲ್ಲ. ಎರಡು ಬೇಕರಿಗಳಿಗೆ ಲೈಸೆನ್ಸ್ ಕೊಟ್ಟಿದೆ: ಒಂದು ಕೆಂಟಕಿಯ ಲೂಯಿವಿಲ್ ಕಡೆಯ ಲಿಟಲ್ ಬ್ರೌನಿ ಬೇಕರ್ಸ್, ಇನ್ನೊಂದು ಎಬಿಸಿ ಬೇಕರ್ಸ್. ದೇಶದ ತುಂಬಾ ಸಂಸ್ಥೆಯ ಪ್ರಾದೇಶಿಕ ಶಾಖೆಗಳಾದ ನೂರಕ್ಕೂ ಹೆಚ್ಚು ಕೌನ್ಸಿಲ್‌ಗಳಿವೆ. ಒಂದೊಂದು ಕೌನ್ಸಿಲ್ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಸಮೋವಾಸ್, ಟ್ಯಾಗಲಾಂಗ್ಸ್, ಡೋಸಿಡೋಸ್ ಎಲ್ಲ ಲಿಟಲ್ ಬ್ರೌನಿಯವರ ಹೆಸರುಗಳು. ಅದೇ ಜಾತಿಯ ಕುಕಿಗಳಿಗೆ ಎಬಿಸಿಯವರಲ್ಲಿ ಕ್ಯಾರಮೆಲ್ ಡಿಲೈಟ್ಸ್, ಪೀನಟ್ ಬಟರ್ ಪ್ಯಾಟೀಸ್, ಪೀನಟ್ ಬಟರ್ ಸ್ಯಾಂಡ್‌ವಿಚ್ ಅಂತ ಹೆಸರು. ಬೂತಿನಲ್ಲಿ ಕೊಳ್ಳುವವರಿಗೆ ಆಯ್ಕೆಯೇ ಇಲ್ಲ. ನೀವಿರುವ ಪಿನ್‌ಕೋಡು ಯಾವ ಕೌನ್ಸಿಲ್ಲಿಗೆ ಸೇರಿದೆಯೋ ಅದೇ ನಿಮ್ಮ ಹಣೆಬರಹ. ನಾವು ಮನೆ ಬದಲಿಸುವಾಗ ಶಾಲೆಯ ರೇಟಿಂಗ್ ನೋಡಿದೆವು, ಇಂಡಿಯನ್ ಸ್ಟೋರ್ ಎಷ್ಟು ದೂರ ಅಂತ ನೋಡಿದೆವು. ಇದನ್ನು ನೋಡಬೇಕಿತ್ತು ಅಂತ ಯಾರಿಗೆ ಗೊತ್ತು?

ಇದಕ್ಕಿಂತ ತಲೆ ಕೆಡಿಸುವುದು ಹೆಸರು ಒಂದೇ ಇದ್ದು ಮಾಲು ಬೇರೆ ಆಗುವುದು. ಥಿನ್ ಮಿಂಟ್ಸ್ ಎರಡೂ ಕಡೆ ಥಿನ್ ಮಿಂಟ್ಸೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಧಾರವಾಡದವಳಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಲೈನ್ ಬಜಾರಿನ ಠಾಕೂರ್ ಪೇಡೆಯೂ ಪೇಡೆಯೇ, ಮಿಶ್ರಾ ಪೇಡೆಯೂ ಪೇಡೆಯೇ. 'ಎರಡೂ ಒಂದೇ ಬಿಡ್ರಿ' ಅಂತ ಧಾರವಾಡದಾಗ ನಿಂತು ಹೇಳಿ ನೋಡ್ರಿ.

ಹಳೇ ಊರಿನ ಗೆಳತಿಯ ಮಗಳಿಂದ ಎರಡು ಬಾಕ್ಸ್ ಸಮೋವಾಸ್ ತರಿಸಿ, ಅಡುಗೆಮನೆ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಸಮೋವಾಸ್ ಬಣ್ಣ ಗಾಢ, ಚಾಕಲೇಟು ಸ್ವಲ್ಪ ಕಹಿ, ಕ್ಯಾರಮೆಲ್ಲು ಧಾರಾಳ. ಚಾಕುವಿನಿಂದ ಅಡ್ಡ ಕತ್ತರಿಸಿದರೆ ಒಳಗಿನ ಬಿಸ್ಕತ್ತು ತೆಳ್ಳಗೆ ಅಡಗಿ ಕೂತಿರುತ್ತದೆ, ಮೇಲಿನ ಕೊಬ್ಬರಿ ಚಾಕುವಿಗೆ ಮೆತ್ತಿಕೊಂಡು ಬರುತ್ತದೆ. ನಮ್ಮ ಕಡೆ ಬೆಲ್ಲದ ಪಾಕ ಒಂದು ಎಳೆ ಹೆಚ್ಚಾದ ಕೊಬ್ಬರಿ ಮಿಠಾಯಿ ಇರುತ್ತದಲ್ಲ, ಆ ಜಿಗುಟು. ಡಿಲೈಟ್ಸ್ ತಿಳಿ ಬಣ್ಣದ್ದು. ಅದರಲ್ಲಿ ಬಿಸ್ಕತ್ತಿನದೇ ಮೇಲುಗೈ, ಚಾಕಲೇಟು ಹಾಲಿನ ಚಾಕಲೇಟಿನ ಹಾಗೆ ಸಿಹಿ. ಕತ್ತರಿಸಲು ಹೋದರೆ ಎರಡು ಹೋಳಾಗಿ ಮುರಿಯುತ್ತದೆ. ಕೆಟ್ಟದ್ದಲ್ಲ. ಬಿಸ್ಕತ್ತು ಬಿಸ್ಕತ್ತಿನ ಹಾಗಿರಬೇಕು ಅನ್ನುವವರಿಗೆ ಇದೇ ಹಿಡಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ, ಅಷ್ಟೇ.

ನಮ್ಮ ಮನೆಯವರು ಮೈಸೂರಿನವರು. ಎರಡನ್ನೂ ತಿಂದು, 'ಎಲ್ಲಾ ಒಂದೇ ಕಣೇ' ಅಂದು ಎದ್ದು ಹೋದರು. ಅವರ ಅಭಿಪ್ರಾಯವನ್ನು ಇಲ್ಲಿಗೇ ಬಿಡೋಣ.

ಕೂಟದವರು ಬಿಡಲಿಲ್ಲ. ಒಬ್ಬರು ಫೋನ್ ಮಾಡಿ, 'ನೀವು ಅದೇ ಅಂದ್ರಲ್ಲಾ, ನಾವು ಡಾಲಸ್ ಅಕ್ಕನ ಮನೇಲಿ ತಿಂದಿದ್ದು ಇದಲ್ಲ' ಅಂದರು. ಇನ್ನೊಬ್ಬರು ಒಡೆದ ಬಾಕ್ಸನ್ನೇ ವಾಪಸ್ ತಂದುಕೊಟ್ಟರು, ಮೂರು ಕುಕಿ ಕಡಿಮೆ ಇತ್ತು. ಒಮ್ಮೆ ಟ್ರೂಪು, ಅಂದರೆ ಮಗಳ ಸ್ಕೌಟ್ ತಂಡ, ಎತ್ತಿಕೊಂಡ ಮಾಲನ್ನು ನಮ್ಮ ಕೌನ್ಸಿಲ್ ಹಿಂದೆ ತೆಗೆದುಕೊಳ್ಳುವುದಿಲ್ಲ. ಉಳಿದ ಹದಿನಾಲ್ಕು ಬಾಕ್ಸುಗಳ ಜೊತೆ ಆ ವಾಪಸ್ ಬಂದದ್ದೂ ಸೇರಿ ಯುಗಾದಿವರೆಗೆ ನಮ್ಮ ಗರಾಜಿನಲ್ಲೇ ಇದ್ದವು. ಆರು ಡಾಲರಿನಂತೆ ಲೆಕ್ಕ ಹಾಕಿ, ರೂಪಾಯಿಗೆ ತಿರುಗಿಸಿ ಹೊಟ್ಟೆ ಉರಿಸಿಕೊಳ್ಳುವ ಚಟ ಹತ್ತು ವರ್ಷವಾದರೂ ನನಗೆ ಹೋಗಿಲ್ಲ.

ಆ ವರ್ಷವೇ ಅವ್ವ ಬಂದಿದ್ದಳು, ಆರು ತಿಂಗಳಿಗೆ. ಯಾವ ಬಾಕ್ಸ್ ಕೈಗೆ ಕೊಟ್ಟರೂ ಅವಳದು ಒಂದೇ ಪ್ರಶ್ನೆ: 'ತತ್ತಿ ಹಾಕ್ಯಾರೇನವಾ?' ನಮ್ಮ ಮನೆಯ ಕುಕಿ ಪರೀಕ್ಷೆಗೆ ಅವಳೇ ದೊಡ್ಡ ಜರಡಿ. ಮಗಳಿಗೆ ಗರ್ಲ್ ಸ್ಕೌಟ್‌ನಲ್ಲಿ ಕುಕಿಗಳ ಇತಿಹಾಸವನ್ನೂ ಹೇಳಿಕೊಡುತ್ತಾರೆ. 1917ರಲ್ಲಿ ಓಕ್ಲಹೋಮಾದ ಮಸ್ಕೋಗಿ ಎಂಬ ಊರಿನ ಟ್ರೂಪಿನ ಹುಡುಗಿಯರು ಮನೆಯಲ್ಲಿ ಕುಕಿ ಬೇಯಿಸಿ ಹೈಸ್ಕೂಲ್ ಕ್ಯಾಂಟೀನಿನಲ್ಲಿ ಮಾರಿದ್ದರಂತೆ. 1922ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಸಾದಾ ಸಕ್ಕರೆ ಕುಕಿಯ ವಿಧಾನ ಅಚ್ಚಾಯಿತು: ಒಂದು ಕಪ್ ಬೆಣ್ಣೆ, ಒಂದು ಕಪ್ ಸಕ್ಕರೆ, ಎರಡು ಕಪ್ ಮೈದಾ, ಎರಡು ಮೊಟ್ಟೆ. ಮಗಳು ಇದನ್ನೆಲ್ಲ ಅಜ್ಜಿಗೆ ಉತ್ಸಾಹದಿಂದ ಒಪ್ಪಿಸಿದಳು. ಎರಡು ಮೊಟ್ಟೆ ಅಂದಲ್ಲಿಗೆ ಅಜ್ಜಿ ಕೇಳುವುದನ್ನು ನಿಲ್ಲಿಸಿದಳು.

ಈಗಿನ ಕುಕಿಗಳಲ್ಲಿ ಅವ್ವನಿಗೆ ನಿಶ್ಚಿಂತೆಯಾಗಿ ಕೊಡಬಹುದಾದದ್ದು ಥಿನ್ ಮಿಂಟ್ಸ್. ಎರಡೂ ಬೇಕರಿಯದು ವೀಗನ್, ಹಾಲೂ ಇಲ್ಲ ಮೊಟ್ಟೆಯೂ ಇಲ್ಲ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವುದೂ ಇದೇ. ಫ್ರೀಜರಿನಲ್ಲಿಟ್ಟು ತಿನ್ನುವುದು ಇಲ್ಲಿನವರ ಪದ್ಧತಿ. ನನ್ನ ನಾಲಿಗೆಗೆ ಎಬಿಸಿಯದು ಹೆಚ್ಚು ಗರಿಗರಿ, ಪುದೀನದ ಘಾಟೂ ಹೆಚ್ಚು. ಲಿಟಲ್ ಬ್ರೌನಿಯದರಲ್ಲಿ ಚಾಕಲೇಟು ನುಣುಪು. ಇದೊಂದರಲ್ಲಿ ಹೊಸ ಊರೇ ಗೆದ್ದಿತು. ಅವ್ವ ಒಂದು ಕಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಾನದಾಗ ಹಾಕೋ ಪೆಪರಮಿಂಟ್ ಬಿಸ್ಕೀಟಿನಾಗ ಯಾಕ ಹಾಕ್ಯಾರ?' ಅಂತ ಕೇಳಿದಳು. ಊಟ ಆದ ಮೇಲೆ ಎಲೆ ಅಡಿಕೆಯ ಬದಲು ದಿನಾ ಒಂದೊಂದು ತಿಂದಳು ಅನ್ನುವುದನ್ನೂ ಹೇಳಬೇಕು.

ಊರು ಬದಲಿಸಿ ಸಮೋವಾಸ್ ಕಳಕೊಂಡದ್ದಕ್ಕೆ ಪರಿಹಾರ ಸಿಕ್ಕಿದ್ದು ಶೇಂಗಾದ ಕುಕಿಯಲ್ಲಿ. ಬಿಸ್ಕತ್ತಿನ ಮೇಲೆ ಶೇಂಗಾ ಬೆಣ್ಣೆ, ಅದರ ಮೇಲೆ ಚಾಕಲೇಟ್ ಹೊದಿಕೆ. ಹಳೇ ಊರಿನ ಟ್ಯಾಗಲಾಂಗ್ಸ್‌ನಲ್ಲಿ ಹಾಲಿನ ಅಂಶ ಇದೆ, ಶೇಂಗಾ ಪದರ ದಪ್ಪ, ರುಚಿಯಲ್ಲಿ ಅದೇ ಒಂದು ಕೈ ಮೇಲು. ಎಬಿಸಿಯ ಪ್ಯಾಟೀಸ್ ಮಾತ್ರ ವೀಗನ್. ಬಾಕ್ಸಿನ ಮೇಲಿನ ಸಣ್ಣ ಅಕ್ಷರಗಳನ್ನು ಎರಡು ಸಲ ಓದಿ ಅವ್ವನ ಕೈಗೆ ಕೊಟ್ಟೆ. ಮೇಲಿನ ಚಾಕಲೇಟನ್ನು ಹಲ್ಲಿನಿಂದ ಕೆರೆದು ತೆಗೆದು ಒಳಗಿನದನ್ನು ನಾಲಿಗೆ ತುದಿಗೆ ಇಟ್ಟುಕೊಂಡು, 'ಶೇಂಗಾ ಹೋಳಿಗಿ ಹೂರಣಕ್ಕ ಬೆಲ್ಲ ಕಮ್ಮಿ ಬಿದ್ದಂಗ ಆಗೇದ' ಅಂದಳು. ಅವಳ ಬಾಯಲ್ಲಿ ಇದು ಹೊಗಳಿಕೆ. ಎರಡು ದಿನದಲ್ಲಿ ಬಾಕ್ಸ್ ಖಾಲಿ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಶೇಂಗಾ ಅಲರ್ಜಿಯ ಭಯ ಇದ್ದದ್ದೇ, ಹಾಗಾಗಿ ಬರ್ತ್‌ಡೇ ಪಾರ್ಟಿಗೆ ಇವನ್ನು ಒಯ್ಯಬೇಡಿ.

ನಿಂಬೆಯದು: ಎಬಿಸಿಯ ಲೆಮನೇಡ್ಸ್‌ನ ತಳಕ್ಕೆ ಹುಳಿಸಿಹಿ ಐಸಿಂಗ್ ಇದೆ, ಇದೂ ವೀಗನ್. ಲಿಟಲ್ ಬ್ರೌನಿಯ ಲೆಮನ್ ಅಪ್ಸ್ ಮೇಲೆ 'ನಾನು ಧೈರ್ಯವಂತೆ' ಅನ್ನುವ ಥರದ ಇಂಗ್ಲಿಷ್ ವಾಕ್ಯಗಳನ್ನು ಒತ್ತಿರುತ್ತಾರೆ. ಓದಲು ಚೆಂದ, ತಿನ್ನಲು ಲೆಮನೇಡ್ಸ್.

ಅಡ್ವೆಂಚರ್‌ಫುಲ್ಸ್ 2022ರಲ್ಲಿ ಬಂದದ್ದು, ಬ್ರೌನಿ ರುಚಿಯದು. ಮಗಳಿಗೆ ಇಷ್ಟ, ನನಗೆ ಒಂದೇ ಸಾಕು. ಅವಳಿಗೆ ಅದಕ್ಕಿಂತ ಇಷ್ಟವಿದ್ದದ್ದು ಎಬಿಸಿಯ 'ಟೋಸ್ಟ್-ಯೇ' ಅನ್ನುವ ಕುಕಿ. ಅದನ್ನು 2025ರ ಸೀಸನ್ ಆದ ಮೇಲೆ ನಿಲ್ಲಿಸಿಯೇಬಿಟ್ಟರು.

ಟ್ರೆಫಾಯಿಲ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಬೂತಿನಲ್ಲಿ ಕೊನೆಗೆ ಉಳಿಯುವುದೂ ಅದೇ. ಗರ್ಲ್ ಸ್ಕೌಟ್ ಲಾಂಛನದ ಮೂರೆಸಳಿನ ಆಕಾರ, ಬೆಣ್ಣೆ ಬಿಸ್ಕತ್ತಿನ ರುಚಿ, ಮತ್ತೇನೂ ಇಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ನನ್ನಂಥವಳಿಗೆ ಅದರ ಬೆಲೆ ಗೊತ್ತು. ಸಮೋವಾಸ್ ಚಹಾದ ಜೊತೆ ಹೊಂದುವುದಿಲ್ಲ, ಚಹಾ ಸಪ್ಪೆಯಾಗಿಬಿಡುತ್ತದೆ. ಟ್ರೆಫಾಯಿಲ್ಲನ್ನು ಶುಂಠಿ ಚಹಾದಲ್ಲಿ ಒಂದು, ಎರಡು ಅಂತ ಎಣಿಸಿ ಎತ್ತಬೇಕು, ಮೂರು ಅಂದರೆ ಕಪ್ಪಿನ ತಳ ಸೇರಿರುತ್ತದೆ. ನಾನಕಟಾಯಿ ಸಿಗದ ಊರಿನಲ್ಲಿ ಇದು ಸಾಕು. ಇನ್ನೊಂದು ಅನುಕೂಲ: ಹೋದ ಮೇ ತಿಂಗಳು ಊರಿಗೆ ಒಯ್ದ ಬ್ಯಾಗಿನಲ್ಲಿ ಹಾಳಾಗದೆ ಹುಬ್ಬಳ್ಳಿ ಮುಟ್ಟಿದ್ದು ಇದೊಂದೇ. ಸಮೋವಾಸ್ ಕರಗಿ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿತ್ತು. ತಮ್ಮ ಅದನ್ನು ಫ್ರಿಜ್ಜಿನಲ್ಲಿಟ್ಟು ಅಡಕತ್ತರಿಯಿಂದ ಹೋಳು ಮಾಡಿ ಹಂಚಿದ.

ಆಲ್ಡಿ ಅಂಗಡಿಯಲ್ಲಿ ಇದೇ ಥರದ ಕೊಬ್ಬರಿ ಕ್ಯಾರಮೆಲ್ ಕುಕಿ ವರ್ಷವಿಡೀ ಸಿಗುತ್ತದೆ, ಬೆಲೆಯೂ ಕಡಿಮೆ, ಅದನ್ನೇ ಯಾಕೆ ತಗೊಳ್ಳಬಾರದು ಅಂತ ಮನೆಯವರ ವಾದ. ತಿಂದು ನೋಡಿದ್ದೇನೆ, ರುಚಿಯಲ್ಲಿ ಮುಕ್ಕಾಲು ಪಾಲು ಬರುತ್ತದೆ. ಅಲ್ಲಿ ಕೊಟ್ಟ ದುಡ್ಡು ಮಗಳ ಟ್ರೂಪಿಗೆ ಬರುವುದಿಲ್ಲವಲ್ಲ. ಹಾಗೆ ನೋಡಿದರೆ ಆರು ಡಾಲರಿನ ಬಾಕ್ಸಿನಲ್ಲೂ ನಮ್ಮ ಟ್ರೂಪಿನ ಕೈಗೆ ಬರುವುದು ಒಂದು ಡಾಲರಿಗೂ ಕಡಿಮೆ. ಉಳಿದದ್ದು ಬೇಕರಿಗೆ ಮತ್ತು ಕೌನ್ಸಿಲ್ಲಿಗೆ. ಆ ಪುಡಿಗಾಸು ಸೇರಿಸಿಯೇ ಈ ಹುಡುಗಿಯರು ಬೇಸಿಗೆಯಲ್ಲಿ ಕ್ಯಾಂಪಿಗೆ ಹೋಗಿ ಬಂದರು. ನಾನು ಶಾಲೆಯಲ್ಲಿ ಗೈಡ್ಸ್ ಇದ್ದಾಗ ಧ್ವಜದ ಚೀಟಿ ಮಾರಲು ಹೋಗಿ, ಅಪ್ಪನಿಗೇ ಎಲ್ಲವನ್ನೂ ಮಾರಿ ಬಂದವಳು. ಮಗಳು ಅಪರಿಚಿತರ ಮುಖ ನೋಡಿ, 'ನಿಮಗೆ ಪುದೀನ ಇಷ್ಟವೇ?' ಅಂತ ಕೇಳುವುದನ್ನು ನೋಡಲು ಆರು ಡಾಲರು ಹೆಚ್ಚಲ್ಲ.

ಈ ವರ್ಷದ ನನ್ನ ಪಟ್ಟಿ ಆಗಲೇ ತಯಾರಾಗಿದೆ. ಮಗಳ ಹಾಳೆಯಲ್ಲಿ ಪ್ಯಾಟೀಸ್ ಆರು, ಥಿನ್ ಮಿಂಟ್ಸ್ ನಾಲ್ಕು, ಟ್ರೆಫಾಯಿಲ್ಸ್ ನಾಲ್ಕು, ಲೆಮನೇಡ್ಸ್ ಎರಡು, ಡಿಲೈಟ್ಸ್ ಸೊನ್ನೆ. ಸಮೋವಾಸ್ ಅನ್ನು ಹಳೇ ಟ್ರೂಪಿನಿಂದ ಆನ್‌ಲೈನ್ ತರಿಸಬಹುದು, ಆದರೆ ಸಾಗಣೆ ಖರ್ಚು ಸೇರಿದರೆ ಬಾಕ್ಸಿಗೆ ಹತ್ತತ್ತಿರ ಒಂಬತ್ತು ಡಾಲರು ಬೀಳುತ್ತದೆ. ಅದಕ್ಕೇ ಗೆಳತಿಗೆ ಎಂಟು ಬಾಕ್ಸ್ ಎತ್ತಿಡಲು ಹೇಳಿದ್ದೇನೆ. ಮಾರ್ಚಿನಲ್ಲಿ ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೇಗೂ ಹೋಗಬೇಕು. ಪೂಜೆಗೆ ಅಷ್ಟು ದೂರ ಯಾಕೆ ಅಂತ ಗೊಣಗುತ್ತಿದ್ದ ಮನೆಯವರು, ಬರುವಾಗ ಟ್ಯಾಗಲಾಂಗ್ಸ್ ಎರಡು ಇರಲಿ ಅಂತ ತಾವಾಗೇ ಹೇಳಿದರು. ಎಲ್ಲಾ ಒಂದೇ ಅಂದಿದ್ದರಲ್ಲ!