ಅಂಗಡಿ ಬಾಗಿಲು ಹಾಕಿದ ಮೇಲೆ ಓದಿದ ಐಐಟಿ ಪಾಠ

ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಬಿ.ಕಾಂ. ಮುಗಿಸಿ ಒಂಬತ್ತು ವರ್ಷವಾಯ್ತು. ಮತ್ತೆ ಓದಬೇಕು ಅನ್ನೋ ಆಸೆಗೆ ಮೊದಲು ಊರಿನ ಒಂದು ಸಂಜೆ ಕ್ಲಾಸಿಗೆ ನಾಲ್ಕು ಸಾವಿರ ಕಟ್ಟಿದ್ದೆ. ಕ್ಲಾಸು ಆರಕ್ಕೆ. ಮೆಕ್ಕೆಜೋಳದ ಆವಕ ಶುರುವಾದರೆ ನಾನು ಕುರ್ಚಿ ಬಿಟ್ಟು ಏಳೋದೇ ಎಂಟೂವರೆಗೆ. ಮೂರು ವಾರದಲ್ಲಿ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಸೇರಿದ್ದು ಎನ್‌ಪಿಟಿಇಎಲ್‌ನ ಅಕೌಂಟಿಂಗ್ ಕೋರ್ಸಿಗೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಪಾಠ ಇದು, ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನೋ ಆನ್‌ಲೈನ್ ಕಲಿಕೆಯ ತಾಣದಲ್ಲಿ ಸಿಗುತ್ತದೆ. ಹನ್ನೆರಡು ವಾರ. ಸೇರೋದಕ್ಕೆ, ಪಾಠ ಕೇಳೋದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ 1,000 ರೂಪಾಯಿ ಕಟ್ಟಿ ಪರೀಕ್ಷೆ ಬರೆಯಬೇಕು.

ಮಗಳನ್ನು ಮಲಗಿಸಿ ಹತ್ತೂವರೆಗೆ ಅಡುಗೆಮನೆ ಕಟ್ಟೆ ಮೇಲೆ ಫೋನ್ ಒರಗಿಸಿ ಕೂರುತ್ತಿದ್ದೆ. ಮೇಷ್ಟ್ರ ಇಂಗ್ಲಿಷ್ ಮೊದಲೆರಡು ವಾರ ತಲೆಗೆ ಹತ್ತಲಿಲ್ಲ. ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ಕೇಳಿದೆ. ಕ್ಲಾಸಿನಲ್ಲಿ ಕೂತಿದ್ದರೆ ಒಂದೇ ಮಾತನ್ನು ಐದು ಸಲ ಹೇಳಿ ಅಂತ ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಕೆಲವು ಕೋರ್ಸುಗಳ ಪಾಠ ಕನ್ನಡ ಅಕ್ಷರದಲ್ಲೂ ಸಿಗುತ್ತದೆ, ಸೇರುವ ಮುಂಚೆ ನೋಡಿಕೊಳ್ಳಿ.

ನನಗೆ ತುಂಬಾ ಉಪಯೋಗವಾದ ಪಾಠ ಒಂದಿದೆ. ನಮ್ಮಲ್ಲಿ ಮಾರ್ಚ್ 28ಕ್ಕೆ ಮಾಲು ಮಾರಾಟವಾಗಿ, ಖರೀದಿದಾರರ ದುಡ್ಡು ಏಪ್ರಿಲ್ ಮೊದಲ ವಾರ ಬಂದರೆ, ಅದರ ದಲಾಲಿಯನ್ನು ನಾನು ಹೊಸ ವರ್ಷದ ಲೆಕ್ಕಕ್ಕೆ ಬರೆಯುತ್ತಿದ್ದೆ. ದುಡ್ಡು ಕೈಗೆ ಬಂದ ದಿನವಲ್ಲ, ಕೆಲಸ ಮುಗಿದು ಹಕ್ಕು ಹುಟ್ಟಿದ ದಿನವೇ ಆದಾಯ ಅಂತ ಮೇಷ್ಟ್ರು ಬಿಡಿಸಿ ಹೇಳಿದರು. ಇದನ್ನು ಡಿಗ್ರಿಯಲ್ಲೂ ಓದಿದ್ದೆ, ಬಾಯಿಪಾಠ ಮಾಡಿ ಬರೆದಿದ್ದೆ ಅಷ್ಟೆ. ಮರುದಿನ ಹಳೆ ಪಟ್ಟಿಗಳ ಕಟ್ಟು ಬಿಚ್ಚಿ, ಎರಡು ವರ್ಷದ ಮಾರ್ಚ್ ಕೊನೆ ವಾರವನ್ನು ಒಂದೊಂದೇ ತಾಳೆ ನೋಡಿದೆ. ಯಾವ ವರ್ಷ ಎಷ್ಟು ದುಡಿದೆವು ಅಂತ ಆವತ್ತು ಸರಿಯಾಗಿ ಗೊತ್ತಾಯಿತು.

ಪಾಠ ಯಾವ ಹೊತ್ತಿಗಾದರೂ ಕೇಳಬಹುದು, ಆದರೆ ಅಸೈನ್‌ಮೆಂಟಿಗೆ ಗಡುವು ಇದೆ. ನನ್ನ ಕೋರ್ಸಿಗೆ ಬುಧವಾರ ರಾತ್ರಿ 11:59. ಹೊತ್ತು ನಮ್ಮದು, ಗಡುವು ಅವರದು. ಈ ಏರ್ಪಾಡು ಇಲ್ಲದಿದ್ದರೆ ನಾನು ಖಂಡಿತ ಮುಗಿಸುತ್ತಿರಲಿಲ್ಲ. ಒಂದು ಬುಧವಾರ ಹನ್ನೊಂದಕ್ಕೆ ಕರೆಂಟ್ ಹೋಗಿ, ಫೋನಿನಲ್ಲಿ ಶೇ 6 ಚಾರ್ಜ್ ಇರುವಾಗ ಉತ್ತರ ಕಳಿಸಿದ್ದೇನೆ. ಎರಡು ವಾರದ್ದು ತಪ್ಪಿಯೇ ಹೋಯಿತು, ಆದರೆ ಹನ್ನೆರಡರಲ್ಲಿ ಒಳ್ಳೆಯ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪಾಸಾಗಲು ಕ್ರಮವಾಗಿ 10 ಮತ್ತು 30 ಬರಬೇಕು.

ಜುಲೈ ಬ್ಯಾಚಿನ ಪರೀಕ್ಷೆ ಅಕ್ಟೋಬರ್ ಕೊನೆಯ ಹೊತ್ತಿಗೆ, ಯಾರ್ಡಿನಲ್ಲಿ ಚೀಲದ ಮೇಲೆ ಚೀಲ ಬೀಳುವಾಗ. ಸಾಹುಕಾರರನ್ನು ಕೇಳಲು ಹೆದರಿದ್ದೆ. "ಭಾನುವಾರ ತಾನೆ? ಹೋಗಿ ಬಾರವ್ವ, ಚೆನ್ನಾಗಿ ಬರಿ" ಅಂದರು. ನಾನು ಆರಿಸಿಕೊಂಡ ಕೇಂದ್ರ ಹುಬ್ಬಳ್ಳಿ. ಬೆಳಗಿನ ಜಾವದ ರೈಲು ಹತ್ತಿ, ಹರಿಹರ ದಾಟುವವರೆಗೂ ಕಣ್ಣು ಮುಚ್ಚಿ ಜಮಾ–ಖರ್ಚು ನೆನಪಿಸಿಕೊಂಡೆ. ಪಕ್ಕದ ಕಂಪ್ಯೂಟರಿನಲ್ಲಿ ಕೂತವರು ಇಂಜಿನಿಯರಿಂಗ್ ಹುಡುಗರು, ನನ್ನನ್ನು ಮೇಲ್ವಿಚಾರಕಿ ಅಂದುಕೊಂಡು "ಮೇಡಂ, ಲಾಗಿನ್ ಆಗ್ತಿಲ್ಲ" ಅಂದರು. ಒಟ್ಟು 64 ಬಂತು, ಸರ್ಟಿಫಿಕೇಟಿನ ಮೇಲೆ ‘ಎಲೀಟ್’ ಅನ್ನೋ ದರ್ಜೆ ಇದೆ.

ಡಿಗ್ರಿ ಓದುತ್ತಿರುವ ಹುಡುಗರಿಗೆ ಒಂದು ಮಾತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಲು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ನೀವು ಆರಿಸಿದ ಕೋರ್ಸನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪಬೇಕು, ಕಾಲೇಜಿನಲ್ಲಿ ಮೊದಲೇ ಕೇಳಿ ಸೇರಿ.

ನಾನೀಗ ಜನವರಿ ಬ್ಯಾಚಿಗೆ ಕಾಸ್ಟ್ ಅಕೌಂಟಿಂಗ್ ಹುಡುಕುತ್ತಿದ್ದೇನೆ. ಆಗ ಆವಕ ಇಳಿದಿರುತ್ತದೆ, ಎಂಟು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ.