ಬೈಕ್ ಚೈನ್‌ಗೆ ಯಾವುದು: ಸ್ಪ್ರೇ, 90 ಗೇರ್ ಆಯಿಲ್, ಗ್ರೀಸ್?

ಮೊದಲು ನಿಮ್ಮ ಬೈಕಿನ ಚೈನ್ ಯಾವ ಥರದ್ದು ನೋಡಿಕೊಳ್ಳಿ. ಒಳಪಟ್ಟಿ ಹೊರಪಟ್ಟಿಗಳ ನಡುವೆ ಸಣ್ಣ ರಬ್ಬರ್ ಉಂಗುರ ಇಣುಕುತ್ತಿದ್ದರೆ ಅದು ಓ-ರಿಂಗ್ ಚೈನ್. ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತ ಇರುವ ಕೊಳವೆಯಂಥ ಬುಷ್‌ಗೂ ಬೇಕಾದ ಗ್ರೀಸನ್ನು ಫ್ಯಾಕ್ಟರಿಯಲ್ಲೇ ತುಂಬಿ ಆ ಉಂಗುರದಿಂದ ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಹಾಕುವುದು ರಬ್ಬರ್ ಒಣಗದಿರಲಿ, ಬುಷ್ ಮೇಲೆ ಉರುಳುವ ರೋಲರ್ ಮತ್ತು ಚೈನ್ ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಸವೆಯದಿರಲಿ, ತುಕ್ಕು ಹಿಡಿಯದಿರಲಿ ಅಂತ. 100–125 ಸಿಸಿಯ ಎಷ್ಟೋ ಬೈಕುಗಳ ಚೈನ್ ಕವರ್ ಒಳಗಿರುವುದು ಉಂಗುರವಿಲ್ಲದ ಸಾದಾ ಚೈನ್. ಅದರಲ್ಲಿ ಎಣ್ಣೆ ಪಿನ್ನಿನವರೆಗೂ ಇಳಿಯಲೇಬೇಕು.

ಗ್ರೀಸ್ ಸೋಲುವುದು ಇಲ್ಲೇ. ಅದು ಒಳಗಿಳಿಯದೆ ಮೇಲೆ ಕೂತು ಮರಳು ಹಿಡಿದುಕೊಳ್ಳುತ್ತದೆ. ಗ್ರೀಸ್ ಹಚ್ಚಿದ ಚೈನಿನ ಕಪ್ಪು ಜಿಡ್ಡನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, ಉಪ್ಪುಕಾಗದದ ಹಾಗೆ ಗರಗರ ಅನ್ನುತ್ತದೆ. ಸ್ಪ್ರಾಕೆಟ್ ಹಲ್ಲನ್ನು ತಿನ್ನುವುದು ಅದೇ. ಇಂಜಿನ್ನಿನಿಂದ ಇಳಿಸಿದ ವೇಸ್ಟ್ ಆಯಿಲ್ ಪುಕ್ಕಟೆ ಸಿಕ್ಕರೂ ಬೇಡ: ತೆಳುವಾದ್ದರಿಂದ ಸಿಡಿದುಹೋಗುತ್ತದೆ, ಜೊತೆಗೆ ಲೋಹದ ಪುಡಿ ತರುತ್ತದೆ. ಡಬ್ಲ್ಯುಡಿ-40 ಅನ್ನುವ ತೆಳು ಸ್ಪ್ರೇ, ಚೈನ್ ತೊಳೆದ ಮೇಲೆ ನೀರು ಓಡಿಸುವುದಕ್ಕೆ ಸರಿ, ಬಹಳ ದಿನ ನಿಲ್ಲುವ ಎಣ್ಣೆ ಅಲ್ಲ.

ಉಳಿದದ್ದು ಚೈನ್‌ಗೆಂದೇ ಬರುವ ಸ್ಪ್ರೇ ಮತ್ತು ಎಸ್‌ಎಇ 90 ಗೇರ್ ಆಯಿಲ್ (90 ಅನ್ನುವುದು ಎಣ್ಣೆ ಎಷ್ಟು ಮಂದ ಅನ್ನುವ ಅಂಕಿ). ಒಂದೇ ಬೈಕಿಗೆ ಸರದಿಯಂತೆ ಎರಡನ್ನೂ ಹಾಕಿ ನೋಡಿದ ಮೇಲಿನ ಮಾತಿದು. ಚೈನ್ ಸ್ಪ್ರೇಯಲ್ಲಿ ದ್ರಾವಕವೊಂದು ಎಣ್ಣೆಯನ್ನು ಸಂದಿಯೊಳಗೆ ಒಯ್ದು ತಾನು ಆರಿಹೋಗುತ್ತದೆ, ಅಂಟು ಪದರ ಉಳಿಯುತ್ತದೆ. ಅದಕ್ಕೆ ಹೊತ್ತು ಬೇಕು. ಹೊಡೆದ ತಕ್ಷಣ ಗಾಡಿ ತೆಗೆದರೆ ಅರ್ಧ ರಿಮ್ಮಿಗೆ ಸಿಡಿದಿರುತ್ತದೆ, ರಾತ್ರಿ ಹೊಡೆದು ಬೆಳಿಗ್ಗೆ ತೆಗೆದರೆ ರಿಮ್ ಹೆಚ್ಚುಕಮ್ಮಿ ಸ್ವಚ್ಛ. ಖರ್ಚಿನಲ್ಲಿ ಮಾತ್ರ ಹೋಲಿಕೆಯೇ ಇಲ್ಲ: 150 ಎಂಎಲ್ ಡಬ್ಬಿ ಐದಾರು ಸಲಕ್ಕೆ ಖಾಲಿ. ಗೇರ್ ಆಯಿಲ್ ಸಲಕ್ಕೆ 15 ಎಂಎಲ್ ಸಾಕು, ಲೀಟರಿಗೆ 60 ಸಲ ದಾಟುತ್ತದೆ. ಗಂಧಕದ ವಾಸನೆ ಇದೆ, ಒರೆಸದಿದ್ದರೆ ಸ್ಪ್ರೇಗಿಂತ ಹೆಚ್ಚು ಸಿಡಿಯುತ್ತದೆ. ಆದರೆ ಸಾದಾ ಚೈನಿಗೆ ಇದರಷ್ಟು ಚೆನ್ನಾಗಿ ಇಳಿಯುವುದು ಬೇರೆ ಇಲ್ಲ.

ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ನನ್ನ ಓಟು ಗೇರ್ ಆಯಿಲ್‌ಗೇ. ಜಡಿಮಳೆಯಲ್ಲಿ ಎರಡೂ ತೊಳೆದುಹೋಗುತ್ತವೆ, ಹಾಗಾಗಿ 200–300 ಕಿ.ಮೀ.ಗೊಮ್ಮೆ ಕೈಬಿಚ್ಚಿ ಹಾಕಬಹುದಾದ ಎಣ್ಣೆಯೇ ಗೆಲ್ಲುತ್ತದೆ. ದುಬಾರಿ ಡಬ್ಬಿ ಇಟ್ಟುಕೊಂಡವರು ಉಳಿಸಲು ಹೋಗಿ ಚೈನ್ ಕೆಂಪಾಗಿಸಿಕೊಳ್ಳುತ್ತಾರೆ. ರಾಯಚೂರು, ಬಳ್ಳಾರಿ ಕಡೆಯ ಒಣ ಧೂಳಿಗೆ ವ್ಯಾಕ್ಸ್ (ಮೇಣ) ಇರುವ ಸ್ಪ್ರೇ ವಾಸಿ, ಧೂಳು ಕಡಿಮೆ ಅಂಟುತ್ತದೆ. ಒಣ ರಸ್ತೆಯಲ್ಲಿ 500 ಕಿ.ಮೀ.ಗೊಮ್ಮೆ ಸಾಕು.

ಹಾಕುವ ಕ್ರಮ ಎರಡಕ್ಕೂ ಒಂದೇ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್, ಗೇರ್ ನ್ಯೂಟ್ರಲ್. ಇಂಜಿನ್ ಓಡಿಸಿಕೊಂಡು ಚಕ್ರ ತಿರುಗಿಸುವವರ ಬೆರಳು ಚೈನಿಗೂ ಸ್ಪ್ರಾಕೆಟ್‌ಗೂ ಸಿಕ್ಕಿ ತುಂಡಾಗುತ್ತದೆ, ದಯವಿಟ್ಟು ಬೇಡ. ಸೀಮೆಎಣ್ಣೆ, ಸಿಗದಿದ್ದರೆ ಡೀಸೆಲ್, ಹಳೇ ಟೂತ್‌ಬ್ರಷ್ಷಿಗೆ ಹಚ್ಚಿ ನಾಲ್ಕೂ ಮಗ್ಗುಲು ತಿಕ್ಕಿ. ಪೆಟ್ರೋಲ್ ಮತ್ತು ತಂತಿ ಬ್ರಷ್ ಓ-ರಿಂಗನ್ನು ಹಾಳುಮಾಡುತ್ತವೆ. ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ.

ಎಣ್ಣೆ ಬೀಳಬೇಕಾದ್ದು ಚೈನಿನ ಕೆಳಗಿನ ಸಾಲಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ ಮುಟ್ಟುವ ಬದಿಗೆ. ಚಕ್ರ ತಿರುಗುವ ರಭಸಕ್ಕೆ ಅದು ತಾನಾಗಿ ಹೊರಕ್ಕೆ ಹರಿಯುತ್ತದೆ. ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ಪಟ್ಟಿಗಳ ಸಂದಿಗೂ ರೋಲರಿಗೂ ಬಿಡಿ. ಗೇರ್ ಆಯಿಲ್‌ಗೆ ಸೂಜಿ ತೆಗೆದ ಸಿರಿಂಜ್ ಅನುಕೂಲ. ಕಾಲು ಗಂಟೆ ಬಿಟ್ಟು ಹಳೇ ಬನಿಯನ್ನಿನಲ್ಲಿ ಹೊರಮೈ ಒರೆಸಿ, ಕೆಲಸ ಮಾಡುವ ಎಣ್ಣೆ ಸಂದಿಯಲ್ಲಿ ಉಳಿದೇ ಇರುತ್ತದೆ. ಟೈರಿನ ಮೇಲೆ ಹನಿ ಬಿದ್ದಿದ್ದರೆ ಸೋಪುನೀರಿನಲ್ಲಿ ತೊಳೆಯದೆ ಹೊರಡಬೇಡಿ, ತಿರುವಿನಲ್ಲಿ ಜಾರುತ್ತದೆ.

ಕೊನೆಗೆ ಕೆಳಗಿನ ಸಾಲಿನ ನಡುಮಧ್ಯೆ ಚೈನನ್ನು ಮೇಲೆ ಕೆಳಗೆ ಆಡಿಸಿ ಸಡಿಲ ಅಳೆಯಿರಿ. ಬಹುಪಾಲು ರಸ್ತೆ ಬೈಕುಗಳಿಗೆ 20–30 ಮಿ.ಮೀ., ನಿಮ್ಮ ಬೈಕಿನ ಮ್ಯಾನುಯಲ್ ಹೇಳಿದ್ದೇ ಅಂತಿಮ. ಚಕ್ರ ತಿರುಗಿಸಿ ಮೂರ್ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತುಬಿದ್ದಿದ್ದರೆ ಚೈನ್ ಒಂದೇ ಸಮ ಸವೆದಿಲ್ಲ ಅಂತ ಅರ್ಥ. ಆಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಿ, ಹಳೇ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ.